ಎರಡು ಬೀಗದ ಕಪಾಟು

"ಇದು ನನ್ನದಲ್ಲ ಸರ್," ಎಂದಳು ಗುಂಗುರು.

ಸೀಟಿ ಮೇಷ್ಟರು ನಕ್ಕರು. ಹನ್ನೆರಡು ವರ್ಷಗಳಿಂದ ಶಾಲೆಯ ಗೇಟಿನಲ್ಲಿ ಮಕ್ಕಳ ಚೀಲ ಜಾಲಾಡುತ್ತಿದ್ದ ಈ ವ್ಯಾಯಾಮ ಶಿಕ್ಷಕರಿಗೆ ಆ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಸಿಕ್ಕಿದ ವಸ್ತು ಯಾವತ್ತೂ ಸಿಕ್ಕಿಬಿದ್ದವರದಾಗಿರುವುದಿಲ್ಲ.

ಮೇಜಿನ ಮೇಲೆ ಅವಳ ಪುಸ್ತಕ, ಬಾಚಣಿಗೆ, ನೀರಿನ ಬಾಟಲಿ ಚೆಲ್ಲಾಡಿದ್ದವು. ಕಾಲುಚೀಲದೊಳಗೆ ಸುತ್ತಿಟ್ಟಿದ್ದ ನೀಲಿ ಪಂಪು ಮೇಷ್ಟರ ಅಂಗೈಯಲ್ಲಿತ್ತು. ಉಬ್ಬಸದವರು ಬಾಯಿಗಿಟ್ಟು ಎಳೆದುಕೊಳ್ಳುವಂಥದ್ದು.

"ನಿನಗೆ ಉಬ್ಬಸ ಇದೆಯಾ?"

"ಇಲ್ಲ ಸರ್."

"ಮತ್ತೆ ಯಾರದು?"

ಗುಂಗುರು ಸಾಲಿನ ಕಡೆ ನೋಡಿದಳು. ಆಗಲೇ ತಪಾಸಣೆ ಮುಗಿಸಿಕೊಂಡು ಪಕ್ಕಕ್ಕೆ ನಿಂತಿದ್ದ ಕಡ್ಡಿ, ಬೇಡವೆಂದು ಸಣ್ಣಗೆ ತಲೆಯಾಡಿಸಿದಳು.

ಹೆಸರಿಗೆ ತಕ್ಕ ಹಾಗಿದ್ದ ಈ ಹುಡುಗಿಯ ಚೀಲಕ್ಕೆ ದಿನವೂ ಮೊದಲ ಸರದಿ. ಉಳಿದವರಿಗೆ ಒಂದು ಸಲವಾದರೆ ಅವಳಿಗೆ ಎರಡು ಸಲ. ಬೂಟು ಬಿಚ್ಚಬೇಕು, ಜೇಬು ಹೊರಗೆಳೆದು ತೋರಿಸಬೇಕು, ಊಟದ ಡಬ್ಬಿಯ ಮುಚ್ಚಳ ತೆರೆಯಬೇಕು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

"ಹೆಸರು ಹೇಳಿದ್ರೆ ಅವಳಿಗೆ ಮನೇಲಿ ಏಟು ಬೀಳುತ್ತೆ ಸರ್."

"ಬೀಳಲಿ. ಕದ್ದುಮುಚ್ಚಿ ಸಾಗಿಸೋರಿಗೆ ಬೀಳಲೇಬೇಕು. ಅಪ್ಪನ ಚೀಟಿ ಇಲ್ಲದೆ ಔಷಧಿ ಒಳಗೆ ಬರೋ ಹಾಗಿಲ್ಲ. ನಿಯಮ ಗೊತ್ತಿಲ್ವಾ?"

"ಅವರಪ್ಪ ಬರೆದುಕೊಡಲ್ಲ ಸರ್."

"ಹಾಗಾದ್ರೆ ಅವನಿಗೆ ಬುದ್ಧಿ ಇದೆ ಅಂತ ಆಯ್ತು."

ಉಬ್ಬಸವೆಂದರೆ ಓಟ ತಪ್ಪಿಸಿಕೊಳ್ಳುವವರ ನಾಟಕ ಎನ್ನುವುದು ಮೇಷ್ಟರ ಸಿದ್ಧಾಂತ. ಡಾಕ್ಟರಿಗೇ ಆ ಪಾಠ ಹೇಳಿ ಬಂದವರು ಅವರು.

"ಹನ್ನೊಂದು ಗಂಟೆಗೆ ಓಟ ಇದೆ ಸರ್. ಅಷ್ಟರೊಳಗೆ ಕೊಟ್ಟುಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಸಂಜೆ ಬಾ."

ಪಂಪು ಆಫೀಸಿನ ಕಬ್ಬಿಣದ ಕಪಾಟು ಸೇರಿತು. ಅದಕ್ಕೆ ಎರಡು ಬೀಗ. ಒಂದರ ಕೀಲಿ ಮೇಷ್ಟರ ಕೊರಳಲ್ಲಿ, ಸೀಟಿಯ ಜೊತೆಗೆ. ಇನ್ನೊಂದರದು ಮುಖ್ಯೋಪಾಧ್ಯಾಯಿನಿಯ ಕೈಚೀಲದಲ್ಲಿ. ಕಿತ್ತುಕೊಂಡದ್ದೆಲ್ಲ ಮೇಷ್ಟರ ಮನೆ ಸೇರುತ್ತದೆಂದು ಯಾರೂ ಆಡಿಕೊಳ್ಳಬಾರದು ಎಂದು ಅವರೇ ಹಟ ಹಿಡಿದು ಮಾಡಿಸಿದ ಏರ್ಪಾಡು. ಇಬ್ಬರೂ ಸೇರಿ ತೆರೆದರು, ಇಬ್ಬರೂ ಸೇರಿ ಮುಚ್ಚಿದರು. ಆಮೇಲೆ ಮುಖ್ಯೋಪಾಧ್ಯಾಯಿನಿ ಕೈಚೀಲ ಹೆಗಲಿಗೇರಿಸಿಕೊಂಡು ಊರಾಚೆಯ ಸಭೆಗೆ ಹೊರಟುಹೋದರು.

ಮೂರನೆಯ ಸುತ್ತಿನಲ್ಲಿ ಕಡ್ಡಿ ಕುಸಿದಳು.

ಮೇಷ್ಟರು ಸೀಟಿ ಊದಿದರು. "ಏಳು! ನಿನ್ನ ನಾಟಕ ನನಗೇನೂ ಹೊಸದಲ್ಲ."

ಅವಳು ಏಳಲಿಲ್ಲ. ಎದೆಯಿಂದ ಹರಿದ ತಿದಿಯ ಸದ್ದು ಬರುತ್ತಿತ್ತು. ತುಟಿಗಳು ಕಪ್ಪಿಟ್ಟಿದ್ದವು.

"ಆ ಪಂಪು ಅವಳದೇ ಸರ್!" ಗುಂಗುರು ಕಿರುಚಿದಳು.

ಮೇಷ್ಟರ ಕೈಯಿಂದ ಓಟದ ಗಡಿಯಾರ ಜಾರಿ ಬಿತ್ತು. ಅವರು ಓಡಿದರು. ಅಷ್ಟು ವೇಗವಾಗಿ ಅವರು ಓಡಿದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ. ಒಂದು ಬೀಗ ತೆರೆಯಿತು. ಇನ್ನೊಂದನ್ನು ಗುಂಡೆಸೆತದ ಕಬ್ಬಿಣದ ಗುಂಡಿನಿಂದ ಜಜ್ಜಿದರು. ಎರಡು ಬೆರಳು ಒಡೆದು ರಕ್ತ ಸುರಿಯಿತು. ಗಟ್ಟಿಯಾದ ಬೀಗ, ಅವರೇ ಅಂಗಡಿಗೆ ಹೋಗಿ ಆರಿಸಿ ತಂದದ್ದು. ಎಷ್ಟೋ ಏಟುಗಳ ಮೇಲೆ ಅದರ ಕೊಂಡಿ ಮುರಿಯಿತು.

ಅವರು ಪಂಪು ಹಿಡಿದು ಮೈದಾನಕ್ಕೆ ಬಂದಾಗ ತಿದಿಯ ಸದ್ದು ನಿಂತುಹೋಗಿತ್ತು. ಪಂಪನ್ನು ಇಸಿದುಕೊಳ್ಳಲು ಯಾರೂ ಕೈ ಚಾಚಲಿಲ್ಲ. ಗುಂಗುರು ಗೆಳತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಟಿದ್ದ ಮಣ್ಣನ್ನು ಒರೆಸುತ್ತಿದ್ದಳು. ಅವಳು ಮೇಷ್ಟರ ಮುಖ ನೋಡಲಿಲ್ಲ.

ಅಂದೇ ಕೆಲಸಕ್ಕೆ ಸೇರಿದ್ದ ಆಫೀಸಿನ ಹೆಂಗಸು ದಾಖಲಾತಿ ಪುಸ್ತಕ ಹಿಡಿದು ಏದುಸಿರು ಬಿಡುತ್ತಾ ಬಂದಳು. "ಪಾಪ, ಇವರಪ್ಪನಿಗೆ ಮೊದಲು ತಿಳಿಸಬೇಕು," ಎಂದು ನಂಬರು ಹುಡುಕಿ ಒತ್ತಿದಳು. ಮಕ್ಕಳೆಲ್ಲ ತಲೆ ತಗ್ಗಿಸಿದರು.

ಸೀಟಿ ಮೇಷ್ಟರ ಜೇಬಿನಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು.