ಬೂದಿ ಬಣ್ಣದ ಗೋಡೆ

"ಏನಮ್ಮಾ, ನನ್ ಮಗಳ ಮುಖ ಇಂಗೆ ಬಿಳುಚ್ಕಂಡದಲ್ಲ! ಗಂಡಿನ ಕಡೆಯೋರಿಗೆ ಇದನ್ನ ಹೆಂಗೆ ಕೊಡ್ಲಿ?" ಪಟ್ಟನಾಯಕನಹಳ್ಳಿಯ ಯತ್ತಪ್ಪ ಫೋಟೊವನ್ನು ಹೊಸ್ತಿಲ ಮೇಲಿಟ್ಟು ಹೋದ.

ಪರದೆಯ ಹಿಂದೆ ನಿಂತಿದ್ದ ಶಹರ್ಬಾನು ಕೈ ಚಾಚಿ ಅದನ್ನು ಎತ್ತಿಕೊಂಡಳು. ಗಂಡ ಜಹೀರ್ ಅಹಮದ್ ಶಿರಾ ಪೇಟೆಯ ಸ್ಟುಡಿಯೋದಲ್ಲಿ ತೆಗೆದ ಕಪ್ಪು ಬಿಳುಪು ಫೋಟೊಗಳಿಗೆ ಮನೆಯಲ್ಲಿ ಕೂತು ಬಣ್ಣ ತುಂಬುವವಳು ಅವಳು. ಒಂದೇ ತಿಂಗಳಲ್ಲಿ ವಾಪಸು ಬಂದ ಮೂರನೆಯ ಫೋಟೊ ಇದು. ಈ ಕೆಲಸ ಕಲಿಸಿದ ಅಪ್ಪನ ಕಣ್ಣು ಹೀಗೆಯೇ ಮೊದಲು ಬಣ್ಣ ಮರೆತು, ಆಮೇಲೆ ಬೆಳಕನ್ನೇ ಮರೆತಿತ್ತು. ಅವಳಿಗಿನ್ನೂ ಇಪ್ಪತ್ತೆರಡು. ತನ್ನ ಕಣ್ಣಿನ ಹೆದರಿಕೆಯನ್ನು ಗಂಡನಿಗೂ ಹೇಳಿರಲಿಲ್ಲ.

ಫೋಟೊ ಹಿಡಿದು ಜಗಲಿಗೆ ಬಂದಳು. ಹೌದು, ಹುಡುಗಿಯ ಮುಖದಲ್ಲಿ ರಕ್ತವೇ ಇಲ್ಲ. ಒಳಗೆ ಹೋದಳು, ಮುಖ ಲಕ್ಷಣವಾಗಿತ್ತು. ಮತ್ತೆ ಹೊರಗೆ, ಮತ್ತೆ ಒಳಗೆ. ಆಮೇಲೆ ಗೋಡೆ ನೋಡಿದಳು. ಈದ್‌ಗೆಂದು ಹೋದ ತಿಂಗಳು ಜಹೀರ್ ಬಳಿಸಿದ ಅರಿಶಿನ ಬಣ್ಣ! ಅದರ ಹಳದಿ ಫೋಟೊ ಮೇಲೂ ಬಿದ್ದು, ಮುಖಕ್ಕೆ ಆಗಲೇ ಬಣ್ಣ ತುಂಬಿದಂತೆ ಕಂಡು, ಅವಳ ಕೈ ಬಣ್ಣವನ್ನು ಕಡಿಮೆ ಹಚ್ಚುತ್ತಿತ್ತು.

"ಕೆಟ್ಟಿರೋದು ಗೋಡೆ ಕಣ್ರೀ, ನನ್ನ ಕಣ್ಣಲ್ಲ!" ಸಂಜೆ ಗಂಡನಿಗೆ ಹೇಳುವಾಗ ಅಳುವೇ ಬಂತು. "ಬೂದಿ ಬಣ್ಣ ಬಳಿಯಾಣ. ಅದು ಫೋಟೊ ಮೇಲೆ ತನ್ನ ಬಣ್ಣ ಚೆಲ್ಲಲ್ಲ."

"ಯಾ ಅಲ್ಲಾ, ಯಾರಾದ್ರೂ ಮನೆಗೆ ಬೂದಿ ಬಣ್ಣ ಬಳೀತಾರಾ? ಬಿಳೀದು ಆಗಲ್ವಾ?"

"ಬಿಸಿಲಿಗೆ ಕಣ್ಣು ಕುಕ್ತದೆ."

ಶುಕ್ರವಾರ ಸುಣ್ಣಕ್ಕೆ ದೀಪದ ಮಸಿ ಬೆರೆಸಿದರು. ಮೊದಲ ಪಟ್ಟಿ ನೀಲಿಗೆ ತಿರುಗಿತು. ಕಾವಿ ಹಾಕಿದರೆ ಕೆಂಪಾಯಿತು. ನಾಲ್ಕನೆಯ ಸಲ, ಪಕ್ಕದಲ್ಲಿ ಹಿಡಿದ ಬಿಳಿ ಕಾಗದ ಬಿಳಿಯಾಗಿಯೇ ಕಂಡಿತು. ಅರ್ಧ ಗೋಡೆ ಬಳಿಯುವಷ್ಟರಲ್ಲಿ ಜಹೀರ್ ಕುಸಿದು ಕೂತ.

"ಯಾಕೋ ಸುಸ್ತು. ಊಟಾನೂ ಸೇರ್ತಿಲ್ಲ."

"ಕೆಲಸಗಳ್ಳ!" ಎಂದು ಉಳಿದದ್ದನ್ನು ಅವಳೇ ಬಳಿದಳು.

ಮೂರನೆಯ ದಿನ ಯತ್ತಪ್ಪನ ಮಗಳ ಮುಖಕ್ಕೆ ಜೀವ ಬಂತು. ಹೊತ್ತು ಹುಟ್ಟಿದರೆ ಸ್ಟುಡಿಯೋದ ಕತ್ತಲೆ ಕೋಣೆ ಸೇರುವ ಗಂಡನನ್ನು ತಡೆದು, ಕಿಟಕಿಯ ಬಳಿ ಕೂರಿಸಿ ಫೋಟೊ ಕೊಟ್ಟಳು.

"ಮಾಶಾ ಅಲ್ಲಾ! ಈ ಹೆಣ್ಣನ್ನ ಒಪ್ದೇ ಇರೋನು ಯಾವನು?" ಜಹೀರ್ ತಲೆಯೆತ್ತಿ ನಕ್ಕ.

ಶಹರ್ಬಾನು ನಗಲಿಲ್ಲ. ಬಿಳಿ ಕಾಗದವನ್ನು ಅವನ ಕೆನ್ನೆಯ ಪಕ್ಕ ಹಿಡಿದಳು. ಕಾಗದ ಬೆಳ್ಳಗಿತ್ತು. ಕೆನ್ನೆಯೂ ಕಣ್ಣುಗುಡ್ಡೆಯೂ ಗೋಡೆಯ ಹಳೆಯ ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಹೋದ ವರ್ಷ ಇದೇ ಓಣಿಯಲ್ಲಿ ಕಾಮಾಲೆ ಇಬ್ಬರನ್ನು ಕೊಂಡೊಯ್ದಿತ್ತು.

"ಏನೇ ಇದು, ನನಗೂ ಬಣ್ಣ ಹಚ್ತೀಯಾ?"

"ಒಂದ್ಸಲ ಜಗಲಿಗೆ ಬನ್ನಿ," ಎಂದು ಕೈ ಹಿಡಿದೆಳೆದಳು. ಹೊಸ್ತಿಲವರೆಗಿನ ನಾಲ್ಕು ಹೆಜ್ಜೆಯಲ್ಲಿ ಅವಳು ಬೇಡಿಕೊಂಡದ್ದು ಒಂದೇ: ದೇವರೇ, ಕೆಟ್ಟಿರುವುದು ನನ್ನ ಕಣ್ಣೇ ಆಗಿರಲಿ.