ಗುರುವಾರದ ಗಾಡಿ

ಮೀಟರಿನ ನಂಬರು ಬರೆದು, ಷೆಡ್ಡಿನ ಗೋಡೆಯ ಫೋಟೋ ಅಂಟಿಸಿ, ಚಾರ್ಜರಿನ ಅರೆವಾರ್ಷಿಕ ಫಾರಮ್ಮಿನ ಹನ್ನೊಂದನೆಯ ಕಾಲಮ್ಮಿಗೆ ಬಂದಾಗ ಅವಳ ಪೆನ್ನು ನಿಂತಿತು. ‘ನೋಂದಾಯಿತ ಕಾರಲ್ಲದೆ ಬೇರೆ ವಾಹನ ಈ ಚಾರ್ಜರನ್ನು ಬಳಸಿದ್ದರೆ, ಅದು ಯಾರದು?’

ಇಲ್ಲ ಎಂದು ಬರೆಯಹೊರಟವಳು ಜೊತೆಗೆ ಬಂದಿದ್ದ ಆರು ತಿಂಗಳ ದಾಖಲೆಯ ಮೇಲೆ ಕಣ್ಣಾಡಿಸಿದಳು. ಮೊದಲ ವಾಹನ, ಮೊದಲ ವಾಹನ, ಮೊದಲ ವಾಹನ. ನಡುವೆ, ಎರಡನೆಯ ವಾಹನ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ. ಒಂದು ಸಲವಲ್ಲ, ಹದಿನೇಳು ಸಲ. ಅಷ್ಟೂ ಗುರುವಾರ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಅವಳ ಕೆಲಸ. ಅಂಗಡಿ ಪಕ್ಕದ ಬೀದಿಯಲ್ಲೇ ಇದೆ. ಮಧ್ಯಾಹ್ನ ಊಟಕ್ಕೆ ನಡೆದು ಬರುತ್ತಾಳೆ. ಗುರುವಾರ ಮಾತ್ರ ಊರಾಚೆಯ ಶಾಖೆ. ಕಾರು ತೆಗೆದುಕೊಂಡು ಹೋದರೆ ಬರುವುದು ಸಂಜೆಗೇ. ಮನೆಯಲ್ಲಿ, ಹೋದ ವರ್ಷ ನಿವೃತ್ತನಾದ ಗಂಡ ಒಬ್ಬನೇ.

ಬೀದಿಯಲ್ಲಿ ಮೊದಲು ಎಲೆಕ್ಟ್ರಿಕ್ ಕಾರು ಕೊಂಡವರು ಇವರು. ಮೊದಲ ಸಾವಿರ ಮಂದಿಗೆ ಮನೆ ಚಾರ್ಜರು ಪುಕ್ಕಟೆ ಎಂದಿತ್ತು ಯೋಜನೆ. ಪುಕ್ಕಟೆ ಸಿಕ್ಕಿದ್ದು ಯಂತ್ರ. ಕಾಗದಪತ್ರ ಜೀವ ಹಿಂಡಿತು. ಫಾರಮ್ಮು ಕಂಡರೆ ಗಂಡನಿಗೆ ಜ್ವರ, ಹಾಗಾಗಿ ಎಲ್ಲ ಬರೆದವಳು ಇವಳೇ. ಷೆಡ್ಡಿನ ಗೋಡೆ ತೆರವು ಮಾಡಿಸಿದವಳೂ ಇವಳೇ. ಮುರಿದ ಏಣಿ, ತೂತು ಬಕೆಟ್ಟು ಗುಜರಿಗೆ ಹೋದವು. ಮಗಳ ಮೂರು ಚಕ್ರದ ಸೈಕಲ್ಲನ್ನು ಮಾತ್ರ ಗಂಡ ಹಿತ್ತಿಲಿಗೆ ಸಾಗಿಸಿದ. “ಬಿಟ್ಟು ಹೋದವರ ಸಾಮಾನು ನಾವ್ಯಾಕೆ ಕಾಯ್ಬೇಕು?” ಎಂದು ಗದರಿದ್ದಳು.

ಚಾರ್ಜರು ಎಲ್ಲವನ್ನೂ ಬರೆದಿಡುತ್ತದೆಂದು ಅವನಿಗೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಫಾರಮ್ಮು ಓದಬೇಕಿತ್ತಲ್ಲ.

ಮೂಲೆಮನೆಯ ಡ್ಯಾನ್ಸ್ ಟೀಚರ್ ನೆನಪಾದಳು. ಅವಳೂ ಅದೇ ಸರತಿಯಲ್ಲಿ ನಿಂತಿದ್ದಳು. ಕಾರು ಬಂತು, ಚಾರ್ಜರಿನ ಅರ್ಜಿ ಮೂರು ಸಲ ವಾಪಸ್ಸಾಯಿತು. “ನಮ್ಮನೇದೇ ಬಳಸ್ಕೊಳ್ಳಿ, ಅದರಲ್ಲೇನು!” ಎಂದು ಗಂಡ ಹಲ್ಲು ಕಿರಿದಿದ್ದ.

ಈಗ ಒಂದೊಂದೇ ಎದ್ದು ಬಂದವು. ಗುರುವಾರ ಸಂಜೆ ಸಿಂಕಿನ ಪಕ್ಕ ಬೋರಲು ಹಾಕಿದ ಎರಡು ಲೋಟ. ಅವನ ಹೊಸ ಗುನುಗು. ಎಲ್ಲಕ್ಕಿಂತ, ಬಾಗಿಲ ಹಿಂದೆ ತೂಗುವ ಅವಳ ಹಳೆಯ ಸ್ವೆಟರು. ಕಿತ್ತುಹೋಗಿದ್ದ ಮೇಲಿನ ಗುಂಡಿಯನ್ನು ಹೋದ ತಿಂಗಳು ಯಾರೋ ನೀಟಾಗಿ ಹೊಲಿದಿಟ್ಟಿದ್ದರು. ಗಂಡನಿಗೆ ಸೂಜಿಗೆ ದಾರ ಪೋಣಿಸಲು ಬಾರದು. ಬಂದವಳು ಇವಳ ಸ್ವೆಟರು ತೊಟ್ಟು ಕೂತಿದ್ದಾಳೆ, ಸಾಲದ್ದಕ್ಕೆ ರಿಪೇರಿಯನ್ನೂ ಮಾಡಿದ್ದಾಳೆ!

ಗಂಡ ಬಾಗಿಲಲ್ಲಿ ಕೂತು ಶೂ ಕಟ್ಟುತ್ತಿದ್ದ.

“ಗುರುವಾರ ಎಲ್ಲಾ ಏನ್ಮಾಡ್ತೀರಿ ನೀವು?”

“ಏನಿದೆ? ನಾನು, ಟಿವಿ.”

“ಟಿವಿಗೂ ಒಂದು ಲೋಟ ಕಾಫಿ ಕೊಡ್ತೀರಾ?”

ಅವನ ಬೆರಳು ಲೇಸಿನಲ್ಲೇ ತಡೆಯಿತು. “ಎರಡು ಸಲ ಕುಡೀತೀನಪ್ಪ. ಅದಕ್ಕೂ ಫಾರಮ್ ತುಂಬ್ಬೇಕಾ?” ನಗುತ್ತಾ ಎದ್ದು ಹೊರಟೇಬಿಟ್ಟ.

ನಗು ಚೆನ್ನಾಗಿತ್ತು. ಮೂವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಸುಳ್ಳು ಹೇಳಿದ್ದನ್ನು ಅವಳು ನೋಡಿರಲಿಲ್ಲ.

ಯೋಜನೆಯ ಕಚೇರಿಗೆ ಫೋನು ಮಾಡಿದಳು.

“ಗಾಡಿ ನಂಬರ್ ಕೊಡೋ ಹಾಗಿಲ್ಲಮ್ಮ,” ಎಂದಳು ಗುಮಾಸ್ತೆ. “ಹನ್ನೊಂದರಲ್ಲಿ ಎರಡು ಚೌಕ ಇದೆ ನೋಡಿ. ಮನೆಯವರು, ಹೊರಗಿನವರು. ಮನೆಯವರಾದ್ರೆ ಪರವಾಗಿಲ್ಲ. ಹೊರಗಿನವರು ಅಂದ್ರೆ ನಮ್ಮವರು ಬಂದು ಚಾರ್ಜರ್ ಕಿತ್ಕೊಂಡು ಹೋಗ್ತಾರೆ.”

ಕಿತ್ತುಕೊಂಡು ಹೋಗಲಿ. ಬೀದಿಯ ಜನರೆಲ್ಲ ನೋಡಲಿ. ಅವಳು ‘ಹೊರಗಿನವರು’ ಚೌಕದ ಮೇಲೆ ಪೆನ್ನು ಊರಿದಳು.

“ಪಕ್ಕದ ಮನೆಯವರದ್ದೂ ಅಲ್ಲಮ್ಮ ಇದು. ಬರೋವಾಗ ಪ್ರತಿ ಸಲ ಬ್ಯಾಟರಿ ಮುಕ್ಕಾಲು ಖಾಲಿ. ತುಂಬಾ ದೂರದಿಂದ ಬರೋ ಗಾಡಿ.”

“ಡ್ಯಾನ್ಸ್ ಕಲಿಸೋಕೆ ಊರೂರು ಸುತ್ತುತ್ತಾಳಲ್ಲ,” ಎಂದು ಗೊಣಗಿದಳು.

“ಏನಂದ್ರಿ?”

“ಏನಿಲ್ಲ. ಬೇರೆ ಏನೂ ಹೇಳೋಕಾಗಲ್ವಾ?”

“ಮಾಲೀಕರು ಗಾಡಿಗೆ ಇಟ್ಟ ಮುದ್ದಿನ ಹೆಸರು ಬೇಕಾದ್ರೆ ಹೇಳ್ಬಹುದು. ನೂರಕ್ಕೆ ಎಂಬತ್ತು ಜನ ‘ಮಿಂಚು’ ಅಂತಲೇ ಇಡ್ತಾರೆ, ಸಾಕಾಗಿದೆ. ತಡೀರಿ…” ಕೀಲಿಮಣೆ ಟಕಟಕಿಸಿತು. ಗುಮಾಸ್ತೆ ಕಿಸಕ್ಕನೆ ನಕ್ಕಳು. “ಇದೇನಮ್ಮ ಇದು? ಡುಬುಕ್ಕು!”

ಅವಳು ಫೋನಿಟ್ಟು ಹಿತ್ತಿಲ ಬಾಗಿಲು ತೆರೆದಳು.

ಹಿತ್ತಿಲಲ್ಲಿ ಮೂರು ಚಕ್ರದ ಸೈಕಲ್ಲು ಗೋಡೆಗೊರಗಿತ್ತು. ಮೆಟ್ಟಿಲಿಳಿಯುವಾಗ ಅದು ಮಾಡುತ್ತಿದ್ದ ಸದ್ದನ್ನೇ ನಾಲ್ಕು ವರ್ಷದ ಮಗಳು ಅದಕ್ಕೆ ಹೆಸರಾಗಿ ಇಟ್ಟಿದ್ದಳು. ಆ ಹೆಸರು ಗೊತ್ತಿದ್ದದ್ದು ಈ ಮನೆಯ ಮೂವರಿಗೆ ಮಾತ್ರ.

ಮೂರು ವರ್ಷದ ಹಿಂದೆ, ತನ್ನಿಷ್ಟದವನನ್ನು ಮದುವೆಯಾಗಿ ಬಂದು ಬಾಗಿಲಲ್ಲಿ ನಿಂತ ಮಗಳಿಗೆ ಅವಳು ಅಂದಿದ್ದಳು: “ನಾನು ಮನೇಲಿರೋವಾಗ ನೀನು ಒಳಗೆ ಕಾಲಿಡ್ಬೇಡ.” ಮಗಳು ಆ ಮಾತು ಮೀರಿರಲಿಲ್ಲ.

ಟೀಚರಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಹದಿನೇಳು ಗುರುವಾರ ಇದೇ ಮೇಜಿನ ಮುಂದೆ ಅಪ್ಪ ಮಗಳು ಕೂತು ನಕ್ಕು, ಲೋಟ ತೊಳೆದಿಟ್ಟು, ಅವಳು ಬರುವ ಮುಂಚೆ ಗುರುತೆಲ್ಲ ಒರೆಸಿದ್ದರು. ಅವಳೊಬ್ಬಳನ್ನೇ ಹೊರಗಿಟ್ಟು. ಅದಕ್ಕೆ ಯಾರ ಜುಟ್ಟು ಹಿಡಿಯುವುದು?

ಗೇಟು ಸದ್ದಾಗುವಷ್ಟರಲ್ಲಿ ಲಕೋಟೆ ಅಂಟಿಸಿಯಾಗಿತ್ತು. ಒಳಗೆ, ‘ಮನೆಯವರು’ ಎಂಬ ಚೌಕದಲ್ಲಿ ಗುರುತು ಬಿದ್ದಿತ್ತು.

“ಮುಗೀತಾ ನಿನ್ನ ಫಾರಮ್ಮು?” ಎಂದ ಗಂಡ. “ತೊಂದರೆ ಏನಿಲ್ಲ ತಾನೆ?”

“ಏನಿಲ್ಲ.”

ಅವನು ಸ್ನಾನಕ್ಕೆ ಹೋದ ಮೇಲೆ ಅವಳು ಸ್ವೆಟರನ್ನು ಕೆಳಗಿಳಿಸಿ, ಕತ್ತರಿಯಿಂದ ಎರಡನೆಯ ಗುಂಡಿಯ ದಾರ ಕತ್ತರಿಸಿ, ಗುಂಡಿಯನ್ನು ಅದರ ಜೇಬಿನಲ್ಲೇ ಹಾಕಿ, ನಾಳೆ ಗುರುವಾರ ಬರುವವಳಿಗೆ ಮೊದಲು ಕಾಣುವಂತೆ ಬಾಗಿಲ ಈಚೆಗೆ ತೂಗುಹಾಕಿದಳು.