ಕೆಮ್ಮಣ್ಣಿನ ಗೆರೆ

"ಬಳಕೆದಾರರ ಪ್ರೋಗ್ರಾಂ ಯಾವ ಕಾರಣಕ್ಕೂ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನೆಲ್ಲಿನ ಜಾಗಕ್ಕೆ ನೇರವಾಗಿ ಕಾಲಿಡುವಂತಿಲ್ಲ" ಎಂದು ಬಾಯಿಪಾಠ ಮಾಡುತ್ತಲೇ ಅನುಶ್ರೀ ಅಡುಗೆಮನೆಯ ಕೆಮ್ಮಣ್ಣಿನ ಗೆರೆ ದಾಟಿಬಿಟ್ಟಳು. ಕಣ್ಣು ಕೈಲಿದ್ದ ಜೆರಾಕ್ಸ್ ಹಾಳೆಯ ಮೇಲಿತ್ತು. ಇನ್ನೊಂದು ಕೈ ತನ್ನ ಪಾಡಿಗೆ ತಾನು ಒಲೆಯ ಮೇಲಿನ ಪಾತ್ರೆಯಿಂದ ಸೌಟೆತ್ತಿ ಬಾಯಿಗಿಟ್ಟು, ಸೌಟನ್ನು ಮತ್ತೆ ಪಾಯಸಕ್ಕೇ ಇಳಿಬಿಟ್ಟಿತು. ಹಿತ್ತಿಲಿಂದ ಬಾಳೆಎಲೆ ಹಿಡಿದು ಬಂದ ಅಜ್ಜಿ ಚಿಕ್ಕಮಾದಮ್ಮ ಬಾಗಿಲಲ್ಲೇ ನಿಂತಳು.

"ಆಯ್ತು ಬುಡು," ಎಂದಳು. "ಮೀಸಲು ಮುರೀತು."

ಗದ್ದೆಯ ಹೊಸ ಅಕ್ಕಿ ಒಳಗೆ ಬಂದ ವಾರ, ಸಾಲಿಗ್ರಾಮದ ಪಕ್ಕದ ಆ ಮನೆಯಲ್ಲಿ ಒಂದೇ ಅಡುಗೆಮನೆ ಒಂದು ದಿನದ ಮಟ್ಟಿಗೆ ಎರಡಾಗುತ್ತಿತ್ತು. ಗೋಡೆಯೇನಿಲ್ಲ, ಒಂದು ಗೆರೆ ಅಷ್ಟೆ. ಆಚೆ ಒಲೆ, ದೇವರ ಪಾತ್ರೆ, ಮಿಂದು ಒದ್ದೆ ಸೀರೆಯಲ್ಲೇ ನಿಂತ ಅಜ್ಜಿ. ಈಚೆ ಮಿಕ್ಕವರೆಲ್ಲ ಕೂರಲಿ, ಮಲಗಲಿ, ಜಗಳವಾಡಲಿ, ಕೇಳುವವರಿಲ್ಲ. ಕುಡಿಯುವ ನೀರು ಬೇಕೆಂದರೂ ಗೆರೆಯ ಹತ್ತಿರ ನಿಂತು ಕೇಳಬೇಕು, ಅಜ್ಜಿ ಎತ್ತಿ ಕೊಡಬೇಕು. ಮನೆದೇವರಿಗೆ ಎಡೆಯಾಗುವ ತನಕ ಎಲ್ಲರೂ ಉಪವಾಸ.

"ಏನವ್ವಾ, ಎಡೆ ಆಯ್ತಾ?" ಜಗಲಿಯಿಂದ ಚಿಕ್ಕಪ್ಪ ಬಸವರಾಜು ಕೂಗಿದ.

"ಆಗೋದ್ರಲ್ಲಿತ್ತು ಕಣಪ್ಪ. ದೇವ್ರಿಗಿಂತ ಮುಂಚೆ ನಿಮ್ಮಣ್ಣನ ಮಗಳು ಉಂಡ್ಳು."

"ಒಂದು ಸೌಟಲ್ವಾ ಅಜ್ಜಿ," ಅನುಶ್ರೀ ಸಣ್ಣ ದನಿಯಲ್ಲಿ ಹೇಳಿದಳು. "ಮಿಕ್ಕಿದ್ದು ಚೆನ್ನಾಗೇ ಇದೆಯಲ್ಲ."

"ಎಂಜಲು ಎಲ್ಲೀಗಂಟ ಹೋಯ್ತು ಅಂತ ನೀನು ಹೇಳ್ತೀಯಾ, ಪಾತ್ರೆ ಹೇಳ್ತದಾ? ಇನ್ನು ಅದರಲ್ಲಿ ಒಂದು ಅಗುಳ್ನೂ ನಂಬಂಗಿಲ್ಲ."

ಪಾಯಸ ಹಸುವಿನ ಪಾಲಾಯಿತು. ಅಜ್ಜಿ ಒಲೆಯ ಬೂದಿ ತೆಗೆದು, ಪಾತ್ರೆ ಉಜ್ಜಿ, ಮತ್ತೆ ಮಿಂದು ಬಂದು, ಮೊದಲಿಂದ ಅಕ್ಕಿ ತೊಳೆಯಲು ಕೂತಳು. "ಅದೇನು ಓದ್ತಾವ್ಳೆ ಕೇಳವ್ವಾ," ಹೊಟ್ಟೆ ಹಿಡಿದುಕೊಂಡು ಬಂದ ಬಸವರಾಜು ಗೆರೆಯ ಈಚೆಗೇ ನಿಂತು ಹೇಳಿದ. "ಕಂಡೋರ ಪಾತ್ರೆಗೆ ಕೈ ಹಾಕೋ ಕೋರ್ಸೇನೋ."

ಅನುಶ್ರೀಗೆ ಅಳು ಬಂತು. ಬೆಳಗಾದರೆ ಮೈಸೂರಿನ ಕಾಲೇಜಿನಲ್ಲಿ ಅವಳ ಸೆಮಿನಾರು. ಹೋದ ಸಲ ಹಾಳೆ ನೋಡಿ ಓದಿದ್ದಕ್ಕೆ ನೀಲಕಂಠಸ್ವಾಮಿ ಮೇಷ್ಟ್ರು ಅರ್ಧದಲ್ಲೇ ಕೂರಿಸಿದ್ದರು. "ಇರೋ ಒಂದು ಮೆಮೊರಿನ ಎರಡು ಭಾಗ ಯಾಕೆ ಮಾಡ್ತಾರೆ? ನಿನ್ನ ಮಾತಲ್ಲಿ ಹೇಳು. ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ" ಎಂದಿದ್ದರು. ಅವಳ ಹತ್ತಿರ ತನ್ನದೆನ್ನುವ ಮಾತು ಒಂದೂ ಇರಲಿಲ್ಲ. ಗೋಡೆಗೊರಗಿ, ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು ಸುಮ್ಮನೆ ಗೆರೆಯನ್ನೇ ನೋಡುತ್ತಾ ಕೂತಳು. ನೋಡುತ್ತಾ ನೋಡುತ್ತಾ ಹಾಳೆ ಜಾರಿ ಕೆಳಗೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ಹೊತ್ತು ಮುಳುಗುವ ಮುಂಚೆ ದೇವರಿಗೆ ಎಡೆಯಾಯಿತು. ಅಜ್ಜಿ ಮೊದಲ ಎಲೆಯನ್ನು ಅನುಶ್ರೀ ಮುಂದೆ ಹಾಸಿದಳು.

"ತಪ್ಪು ಮಾಡ್ದೋಳಿಗೆ ಮೊದ್ಲಾ?" ಎಂದ ಬಸವರಾಜು.

"ಅಸಿದಿದ್ದಕ್ಕಲ್ವೇನ್ಲಾ ದಾಟಿದ್ದು," ಎಂದು ಅಜ್ಜಿ ಪಾಯಸ ಬಡಿಸಿದಳು. "ಉಣ್ಣು ಮಗ."

ಮಾರನೆಯ ದಿನ ಅನುಶ್ರೀ ಹಾಳೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. "ಇದು ಒಂದೇ ಅಡುಗೆಮನೆ ಸರ್. ಆಚೆ ಕರ್ನೆಲ್, ಈಚೆ ನಾವು ಓಡಿಸೋ ಪ್ರೋಗ್ರಾಂಗಳು. ಏನು ಬೇಕಾದರೂ ಗೆರೆ ಹತ್ತಿರ ನಿಂತು ಕೇಳಬೇಕು, ಎತ್ತಿ ಕೊಡೋದು ಕರ್ನೆಲ್. ಎಲ್ಲರೂ ಒಳಗೆ ಕೈ ಹಾಕೋ ಹಾಗಿದ್ದರೆ, ಒಬ್ಬಳ ಎಂಜಲಿಗೆ ಇಡೀ ಮನೆ ಮೊದಲಿಂದ ಒಲೆ ಹಚ್ಚಬೇಕಾಗುತ್ತೆ."

ತರಗತಿ ನಕ್ಕಿತು. ಮೇಷ್ಟ್ರೂ ನಕ್ಕು, ಹಾಜರಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಕುರ್ಚಿಯಲ್ಲಿ ಒರಗಿ ಕೂತರು. "ಪರೀಕ್ಷೆಗೆ ಕೂತ್ಕೊಳಮ್ಮ. ಒಂದೇ ಒಂದು ಪ್ರಶ್ನೆ. ಕೇಳದೆ ಗೆರೆ ದಾಟೋಕೆ ಹೋದ ಪ್ರೋಗ್ರಾಂಗೆ ಕಂಪ್ಯೂಟರ್ ಏನು ಮಾಡುತ್ತೆ?"

"ಅಲ್ಲೇ ಕೊಲ್ಲುತ್ತೆ ಸರ್."

ಅವಳು ಬೋರ್ಡಿನ ಗೆರೆಯನ್ನು ಒಂದು ಗಳಿಗೆ ನೋಡಿದಳು.

"ಪಾಪ, ಅದಕ್ಕೊಬ್ಬಳು ಅಜ್ಜಿ ಇಲ್ಲವಲ್ಲ."